ಹಿಲೋದ ಆ ಆಂಟಿಗೆ

ಹವಾಯಿಯ ಹಿಲೋ ಊರಲ್ಲಿ, ಜೋರು ಮಳೆಗೆ ಸಿಕ್ಕಿದ್ದ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ ಹಿರಿಯ ಹೆಂಗಸಿಗೆ ಈ ಮಾತು. ನಿಮ್ಮ ಹೆಸರು ಕೇಳಲೇ ಇಲ್ಲ, ಆಂಟಿ. (ಹಿರಿಯರನ್ನು ಅಲ್ಲೂ ನಮ್ಮ ಹಾಗೇ ಆಂಟಿ ಅಂತಲೇ ಕರೆಯುತ್ತಾರೆ.)

ನನಗೆ ಮೌನಾ ಕೇಯ ಅಂದ್ರೆ 4,207 ಮೀಟರ್ ಎತ್ತರದ, ದೂರದರ್ಶಕಗಳಿರುವ ಬೆಟ್ಟ, ಅಷ್ಟೇ. ನೀವು ಅದರ ಬಗ್ಗೆ ಮನೆಯ ಹಿರಿಯರ ಬಗ್ಗೆ ಹೇಳುವಂತೆ ಹೇಳಿದಿರಿ. ತುದಿಯಲ್ಲಿ ಹಿಮದ ದೇವಿ ಪೊಲಿಯಾಹು. ಜಾರುಬಂಡಿ ಪಂದ್ಯದಲ್ಲಿ ಸೋತ ಬೆಂಕಿ ದೇವಿ ಪೆಲೆ ಸಿಟ್ಟಿನಿಂದ ಲಾವಾ ಹರಿಸಿದಳಂತೆ. ಪೊಲಿಯಾಹು ತನ್ನ ಹಿಮದ ಹೊದಿಕೆ ಬೀಸಿ ಅದನ್ನು ತಣ್ಣಗಾಗಿಸಿದಳಂತೆ. ಅದನ್ನು ಹೇಳುವಾಗ ನಿಮ್ಮ ಕೈಗಳೂ ಹೊದಿಕೆ ಬೀಸಿದವು!

ಆಮೇಲೆ ಬೆಟ್ಟದ ತುದಿಯ ಹತ್ತಿರವಿರುವ ವಾಯಾವು ಕೆರೆ. ಮಗುವಿನ ಹೊಕ್ಕುಳಬಳ್ಳಿಯನ್ನು ಅಷ್ಟು ಮೇಲಕ್ಕೆ ಒಯ್ದು ಆ ನೀರಿಗೆ ಒಪ್ಪಿಸುವ ಮನೆತನಗಳ ಮಾತು ಬಂತು. ನನ್ನ ಗಂಟಲು ಕಟ್ಟಿತು. ನನ್ನ ಹೊಕ್ಕುಳಬಳ್ಳಿಯ ತುಂಡನ್ನು ನಮ್ಮಜ್ಜಿ ಬೆಳ್ಳಿ ತಾಯಿತದಲ್ಲಿ ಜೋಪಾನ ಮಾಡಿಟ್ಟಿದ್ದರು.

ಮರುದಿನ ಬೆಟ್ಟಕ್ಕೆ ಹೋದೆ. ಕೆರೆಯ ನೀರು ಮುಟ್ಟಲಿಲ್ಲ. ದೂರದಲ್ಲೇ ನಿಂತು ಕೈ ಮುಗಿದೆ. ಗಾಳಿ ಜಾಸ್ತಿ ಇತ್ತು.

ಮಹಾಲೋ, ಆಂಟಿ. ನಿಮ್ಮ ಮಾತಲ್ಲೇ ಥ್ಯಾಂಕ್ಸ್ ಹೇಳ್ತಿದ್ದೇನೆ.