ಕಲ್ಲಿಗೆ ಅವನ ಹೆಸರಿದೆ, ಅವಳಿಗೆ ಹೆಸರೇ ಇಲ್ಲ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಚಾಮರಾಜನಗರ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರಗಳು.

ರಸ್ತೆ, ಕುಡಿಯುವ ನೀರು, ರೈಲಿನ ಅರ್ಜಿಗಳು ತಮ್ಮ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಅವುಗಳ ನಡುವೆ ನಾನು ಒಂದು ಫಲಕ ಕೇಳುತ್ತಿದ್ದೇನೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ದಾರಿಯಲ್ಲಿ, ಬಂಡೆ ಚೆನ್ನಾಗಿ ಕಾಣುವ ಒಂದು ತಿರುವಿನಲ್ಲಿ, ಆ ಬಂಡೆಯ ವಿಷಯ ತಿಳಿಸುವ ಕನ್ನಡದ ಫಲಕ. ತಮ್ಮ ನಿಧಿಯಿಂದಲೋ, ಪ್ರವಾಸೋದ್ಯಮ ಇಲಾಖೆಗೆ ಒಂದು ಮಾತು ಹೇಳಿಯೋ ಇದನ್ನು ಮಾಡಿಸಬಹುದು.

ಆ ಬಂಡೆಗೆ ಚಾರ್ನೊಕೈಟ್ ಎಂದು ಹೆಸರು. ಹೊಸದಾಗಿ ಒಡೆದರೆ ಎಣ್ಣೆ ಸವರಿದಂತೆ ಮಿನುಗುತ್ತದೆ, ಒಳಗಿನ ಸ್ಫಟಿಕಶಿಲೆಯ ಕಣಗಳಲ್ಲಿ ನೀಲಿ ಛಾಯೆ. ಭೂಮಿಯ ಆಳದಲ್ಲಿ ಬೆಂದು ಬಂದ ಕಲ್ಲು ಅದು. (ಸಮಾಧಿ ಕಲ್ಲಾಗಿ ಹಡಗು ಹತ್ತುವ ನಮ್ಮ ಜಿಲ್ಲೆಯ ಕರಿಕಲ್ಲು ಬೇರೆ, ಇದು ಬೇರೆ. ಭೂವಿಜ್ಞಾನ ಕಲಿಸಿದವನ ಹಳೆಯ ಚಾಳಿ, ತಿದ್ದದೆ ಇರಲಾರೆ.) ಆದರೆ ಈ ಕಲ್ಲಿನ ಹೆಸರು ಹುಟ್ಟಿದ್ದೂ ಒಂದು ಸಮಾಧಿಯಿಂದಲೇ. 1893ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಹಾಲೆಂಡ್ ಎಂಬವರು ಕೋಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿದ್ದ ಒಂದು ಗೋರಿಯ ಕಲ್ಲನ್ನು ಪರೀಕ್ಷಿಸಿದರು. ಅದು ಮದರಾಸಿನ ಬಳಿಯ ಪಲ್ಲಾವರಂ ಕಡೆಯ ಕಲ್ಲು. ಗೋರಿಯೊಳಗಿದ್ದವನು ಜಾಬ್ ಚಾರ್ನಾಕ್. ಅವನ ಹೆಸರನ್ನೇ ಕಲ್ಲಿಗೆ ಇಟ್ಟರು. ಹೀಗೆ ಒಬ್ಬ ಇಂಗ್ಲಿಷ್ ವ್ಯಾಪಾರಿ ಸೋಲಿಗರ ಬೆಟ್ಟದ ಬಂಡೆಯಲ್ಲಿ ಕೂತುಬಿಟ್ಟಿದ್ದಾನೆ.

ಯಾರಿವನು? ಲಂಡನ್ನಿನಲ್ಲಿ ಹುಟ್ಟಿ, 1650ರ ದಶಕದ ಮಧ್ಯದಲ್ಲಿ ಬಂಗಾಳಕ್ಕೆ ಬಂದು, ಈಸ್ಟ್ ಇಂಡಿಯಾ ಕಂಪನಿಯ ಕಾಸಿಂಬಜಾರಿನ ವ್ಯಾಪಾರದ ಕೋಠಿಯಲ್ಲಿ ವರ್ಷಕ್ಕೆ 20 ಪೌಂಡ್ ಸಂಬಳಕ್ಕೆ ಸೇರಿದವನು. ಆಮೇಲೆ ಪಟ್ನಾದಲ್ಲಿ ಹಲವು ವರ್ಷ ಪೆಟ್ಲುಪ್ಪಿನ ವ್ಯವಹಾರ. ಯುರೋಪಿನ ಫಿರಂಗಿಗಳಿಗೆ ಬೇಕಾದ ಮದ್ದಿನ ಮುಖ್ಯ ಸರಕು ಅದು. ಮೊಘಲ್ ಅಧಿಕಾರಿಗಳೊಂದಿಗೆ ಜಗಳ, ಯುದ್ಧ, ಮದರಾಸಿಗೆ ಪಲಾಯನ, ಕೊನೆಗೆ 1690ರ ಆಗಸ್ಟ್ 24ರಂದು ಸುತಾನುತಿ ಎಂಬ ಹಳ್ಳಿಗೆ ವಾಪಸು. ಆ ದಿನವನ್ನೇ ಕಲ್ಕತ್ತೆಯ ಹುಟ್ಟುಹಬ್ಬವೆಂದು ಬಹುಕಾಲ ಆಚರಿಸಿದರು. 2003ರಲ್ಲಿ ಕಲ್ಕತ್ತ ಹೈಕೋರ್ಟು, ಇವನು ನಗರದ ಸ್ಥಾಪಕನಲ್ಲ, ನಗರಕ್ಕೆ ಅಂಥ ಹುಟ್ಟುಹಬ್ಬವೂ ಇಲ್ಲ ಎಂದಿತು. ಸರಿಯಾಗಿಯೇ ಹೇಳಿತು. ಅಲ್ಲಿ ಮೊದಲೇ ಜನರಿದ್ದರು, ನೇಕಾರರಿದ್ದರು, ಸಂತೆಯಿತ್ತು.

ನನ್ನ ಪತ್ರ ಅವನ ಬಗ್ಗೆ ಅಲ್ಲ, ಅವನ ಮನೆಯವರ ಬಗ್ಗೆ. ಅವನು ಒಬ್ಬ ಹಿಂದೂ ಹೆಣ್ಣಿನೊಂದಿಗೆ ಸಂಸಾರ ಮಾಡಿದ. ಪಾಠ ಮಾಡುವಾಗ ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಆ ಸ್ವಾರಸ್ಯದ ಕಥೆಯನ್ನು ಹೇಳಿಯೇ ಹೇಳುತ್ತಿದ್ದ: ಗಂಡನ ಚಿತೆ ಏರಲಿದ್ದ ಚೆಲುವೆಯನ್ನು ಕಂಡು ಮರುಳಾದ ಚಾರ್ನಾಕ್, ಕಾವಲುಗಾರರನ್ನು ಕಳಿಸಿ ಅವಳನ್ನು ಬಿಡಿಸಿಕೊಂಡು ಬಂದ, ಅವಳು ಸತ್ತ ಮೇಲೆ ವರ್ಷಕ್ಕೊಮ್ಮೆ ಸಮಾಧಿಯ ಮೇಲೆ ಹುಂಜ ಕೊಯ್ಯುತ್ತಿದ್ದ. ಇದನ್ನು ಅಚ್ಚಿಗೆ ತಂದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನ ವ್ಯಾಪಾರಿ, 1727ರಲ್ಲಿ. ಅಷ್ಟು ಹೊತ್ತಿಗೆ ಚಾರ್ನಾಕ್ ಸತ್ತು 34 ವರ್ಷ.

ಇನ್ನೊಂದು ಕಥೆ ಇದಕ್ಕಿಂತ ಹಳೆಯದು. ಕಂಪನಿಯ ಬಂಗಾಳದ ಮುಖ್ಯಸ್ಥನಾಗಿದ್ದ ವಿಲಿಯಂ ಹೆಜಸ್ 1682ರ ದಿನಚರಿಯಲ್ಲಿ, ಹದಿನೆಂಟು ವರ್ಷದ ಹಿಂದಿನ ಸುದ್ದಿಯೆಂದು ಬರೆದುಕೊಂಡದ್ದು. ಅದರಲ್ಲಿ ಚಿತೆಯ ಮಾತೇ ಇಲ್ಲ. ಅವಳು ಗಂಡನ ಹಣ ಒಡವೆಗಳನ್ನು ಎತ್ತಿಕೊಂಡು ಮನೆ ಬಿಟ್ಟು ಬಂದವಳು. ಗಂಡ ಬದುಕಿದ್ದನೋ ಆಗಷ್ಟೇ ಸತ್ತಿದ್ದನೋ. ದೂರು ಹೋಗಿ ನವಾಬ ಹನ್ನೆರಡು ಸಿಪಾಯಿಗಳನ್ನು ಕಳಿಸಿದ. ಚಾರ್ನಾಕ್ ತಪ್ಪಿಸಿಕೊಂಡ, ದರಬಾರಿನಲ್ಲಿ ಅವನ ಪ್ರತಿನಿಧಿಯಾಗಿದ್ದ ವಕೀಲ ಸಿಕ್ಕಿಬಿದ್ದು ಎರಡು ತಿಂಗಳು ಸೆರೆಯಲ್ಲಿ ಕೊಳೆತ. 3,000 ರೂಪಾಯಿ, ಐದು ತಾನು ಬನಾತು ಎಂಬ ಉಣ್ಣೆಬಟ್ಟೆ, ಕೆಲವು ಕತ್ತಿಯ ಅಲಗುಗಳನ್ನು ಕೊಟ್ಟು ರಾಜಿಯಾಯಿತು. ಬನಾತಿನ ತಾನನ್ನೂ ಬಿಡದೆ ಎಣಿಸಿಟ್ಟ ಈ ಲೆಕ್ಕ ನಂಬುವಂತೆಯೇ ಕಾಣುತ್ತದೆ. ಆದರೆ ಹೆಜಸನಿಗೂ ಚಾರ್ನಾಕನಿಗೂ ಹಾವು ಮುಂಗುಸಿಯ ಸಂಬಂಧ; ಅವನ ಮಾತನ್ನೂ ಅನುಮಾನದಿಂದಲೇ ಓದಬೇಕು. ಒಂದರಲ್ಲಿ ಅವಳು ಬೆಂಕಿಯಿಂದ ಪಾರಾದ ಅಬಲೆ, ಇನ್ನೊಂದರಲ್ಲಿ ಒಡವೆ ಕದ್ದ ಹೆಂಡತಿ. ಎರಡರಲ್ಲೂ ಅವಳಿಗೆ ಹೆಸರಿಲ್ಲ. ಆಮೇಲಿನವರು ಮರಿಯಾ ಎಂದು ಕರೆದದ್ದಕ್ಕೆ ಆ ಕಾಲದ ಆಧಾರವಿಲ್ಲ.

ಮೂವರು ಹೆಣ್ಣುಮಕ್ಕಳ ಹೆಸರು ಮಾತ್ರ ಉಳಿದಿವೆ: ಮೇರಿ, ಎಲಿಜಬೆತ್, ಕ್ಯಾಥರೀನ್. 1689ರ ಆಗಸ್ಟ್ 19ರಂದು ಮದರಾಸಿನ ಸೇಂಟ್ ಮೇರೀಸ್ ಚರ್ಚಿನಲ್ಲಿ ಮೂವರಿಗೂ ಒಟ್ಟಿಗೇ ದೀಕ್ಷಾಸ್ನಾನವಾಯಿತು. ಮೇರಿಯನ್ನು ಮದುವೆಯಾದ ಚಾರ್ಲ್ಸ್ ಐರ್ ಮಾವನ ಗೋರಿ ಕಟ್ಟಿಸಿದ. ಇದೇ ಅಳಿಯನ ಕಾಲದಲ್ಲಿ, 1698ರಲ್ಲಿ, ಸುತಾನುತಿ, ಗೋವಿಂದಪುರ, ಕಲಿಕಾತ ಎಂಬ ಮೂರು ಹಳ್ಳಿಗಳ ಹಕ್ಕು 1,300 ರೂಪಾಯಿಗೆ ಕಂಪನಿಯ ಕೈಸೇರಿತು. ಅದನ್ನು ನೋಡಲು ಮೇರಿ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಕಿರಿಯವಳು ಕ್ಯಾಥರೀನ್ 1701ರಲ್ಲಿ ಚೊಚ್ಚಲ ಹೆರಿಗೆಯಲ್ಲಿ ಹೋದಳು.

ಗೋರಿಯ ಲ್ಯಾಟಿನ್ ಬರಹ ಚೆನ್ನಾಗಿದೆ. ತನ್ನದಲ್ಲದ ನೆಲದಲ್ಲಿ ಬಹುಕಾಲ ಅಲೆದು ತನ್ನ ಶಾಶ್ವತ ಮನೆಗೆ ಹಿಂದಿರುಗಿದ ಎನ್ನುತ್ತದೆ. ಅಪ್ಪನಿದ್ದಾನೆ, ಮೇರಿ ಇದ್ದಾಳೆ, ಕ್ಯಾಥರೀನಳೂ ಇದ್ದಾಳೆ. ಅದು ತನ್ನದೇ ನೆಲವಾಗಿದ್ದ ತಾಯಿಯ ಹೆಸರಿಲ್ಲ.

ನಮ್ಮ ಸೀಮೆಯಲ್ಲಿ ಸತಿ ಹೋದವಳ ನೆನಪಿಗೆ ನೆಟ್ಟ ಮಾಸ್ತಿಗಲ್ಲು ಕಾಣದ ಊರು ಕಡಿಮೆ: ಮೇಲೆತ್ತಿದ ತೋಳು, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವಿದೆ. ತಂದೆತಾಯಿ ಬೇಡವೆಂದರೂ ಕೇಳದೆ ಬೆಂಕಿಗೆ ನಡೆದ ದೇಕಬ್ಬೆಯ ಹೆಸರು ಅದರಲ್ಲಿ ಇಂದಿಗೂ ಓದಲು ಸಿಗುತ್ತದೆ. ಸುಟ್ಟುಕೊಂಡವಳಿಗೆ ಕಲ್ಲೂ ಇದೆ, ಹೆಸರೂ ಇದೆ. ಬದುಕಿ, ಸಂಸಾರ ಮಾಡಿ, ಮೂವರನ್ನು ಹೆತ್ತವಳಿಗೆ ಎರಡೂ ಇಲ್ಲ.

ಫಲಕದಲ್ಲಿ ಕಲ್ಲಿನ ವಿವರದ ಕೆಳಗೆ ಇಷ್ಟು ಬರಲಿ: "ಈ ಶಿಲೆಗೆ ಜಾಬ್ ಚಾರ್ನಾಕ್ ಎಂಬ ವ್ಯಾಪಾರಿಯ ಹೆಸರಿದೆ. ಅವನ ಹೆಂಡತಿ ಈ ದೇಶದವಳು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಮಕ್ಕಳು ಮೇರಿ, ಎಲಿಜಬೆತ್, ಕ್ಯಾಥರೀನ್." ಚಿತೆಯ ಕಥೆ ಬೇಡ, ಪ್ರವಾಸಿ ಮಾರ್ಗದರ್ಶಿಗಳು ಹೇಗೂ ಹೇಳುತ್ತಾರೆ. ಆ ಬಂಡೆಗಳನ್ನು ಸೋಲಿಗರು ಏನೆಂದು ಕರೆಯುತ್ತಾರೆ ಎಂಬುದನ್ನು ಅವರ ಹಿರಿಯರನ್ನೇ ಕೇಳಿ ಮೊದಲ ಸಾಲಿನಲ್ಲಿ ಹಾಕಿಸಬೇಕು.

ಅದು ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ಆ ಓಡಾಟಕ್ಕೆ ನಾನು ಸಿದ್ಧ. ತಾವು ಚಾಮರಾಜನಗರದ ಕಚೇರಿಯಲ್ಲಿ ಸಾರ್ವಜನಿಕರನ್ನು ಕಾಣುವ ದಿನ ತಿಳಿಸಿದರೆ, ಪಾಠಕ್ಕೆ ಬಳಸುತ್ತಿದ್ದ ಚಾರ್ನೊಕೈಟ್ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕ್ಷೇತ್ರದ ಒಬ್ಬ ಮತದಾರ, ನಿವೃತ್ತ ಭೂವಿಜ್ಞಾನ ಉಪನ್ಯಾಸಕ