ಮೂಲಿಕೆ ಚಹಾ: ಹೇಳದೆ ಬಿಟ್ಟ ಮಾತುಗಳು

ಮಾನ್ಯರೇ,

ಮಧುಮೇಹದ ಹತೋಟಿಗೆ ಮೂಲಿಕೆ ಚಹಾ ಕುಡಿಯಿರಿ ಎನ್ನುವ ಬರಹಗಳು ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಮೇಲಿಂದ ಮೇಲೆ ಕಾಣುತ್ತಿವೆ. ಅವೆಲ್ಲ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಇಂದು ಮಧುಮೇಹಿಗಳು ವ್ಯಾಪಕವಾಗಿ ಬಳಸುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಹುಡುಕಿದರೂ ಗಲೇಗಾ ಎಂಬ ಗಿಡವೇ ಸಿಗುತ್ತದೆ. ಆದರೆ ಆ ಗಿಡದ ಸಾರ ವಿಷಕಾರಿಯಾಗಿತ್ತು. ಅದಕ್ಕೆ ಹತ್ತಿರದ ಸುರಕ್ಷಿತ ರಾಸಾಯನಿಕವಾದ ಮೆಟ್‌ಫಾರ್ಮಿನ್ 1922ರಲ್ಲೇ ತಯಾರಾದರೂ, 1957ರಲ್ಲಿ ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟವಾಗುವವರೆಗೆ ಕಾಯಬೇಕಾಯಿತು.

ಮೆಂತ್ಯದ ಕಷಾಯವನ್ನೇ ನೋಡಿ. ನೆನೆದಾಗ ಲೋಳೆಯಾಗುವ ಅದರ ನಾರು ಕರುಳಿನಲ್ಲಿ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಅಧ್ಯಯನಗಳಲ್ಲಿ ಹೆಚ್ಚಾಗಿ ಕೊಟ್ಟದ್ದೂ ಕಾಳಿನ ಪುಡಿಯನ್ನೇ. ಕಾಳನ್ನು ಕುದಿಸಿ ಸೋಸಿದರೆ ಆ ನಾರಿನ ಬಹುಪಾಲು ಜರಡಿಯಲ್ಲೇ ಉಳಿದು ಕಸಕ್ಕೆ ಹೋಗುತ್ತದೆ. ಮಧುನಾಶಿನಿ ಎಲೆ ಜಗಿದಾಗ ಸ್ವಲ್ಪ ಹೊತ್ತು ಸಿಹಿ ತಿಳಿಯದಿರುವುದು ನಿಜ. ನಾಲಿಗೆಗೆ ಸಿಹಿ ಹತ್ತದಿದ್ದ ಮಾತ್ರಕ್ಕೆ ರಕ್ತದ ಸಕ್ಕರೆ ಇಳಿದಂತಾಗದು. ಕ್ಯಾಸಿಯಾ ಜಾತಿಯ ದಾಲ್ಚಿನ್ನಿಯಲ್ಲಿರುವ ಕೌಮರಿನ್ ದಿನವೂ ಹೆಚ್ಚಾಗಿ ಹೊಟ್ಟೆಗೆ ಹೋದರೆ ಯಕೃತ್ತಿಗೆ ಹಾನಿಯಾಗಬಹುದು.

ನನ್ನ ಅಭಿಪ್ರಾಯದಲ್ಲಿ ಇಂತಹ ಪೇಯಗಳಿಂದ ಖಚಿತವಾಗಿ ಸಿಗುವ ಲಾಭ ಒಂದೇ: ಸಕ್ಕರೆ ಬೆರೆಸಿದ ಪಾನೀಯದ ಜಾಗಕ್ಕೆ ಅವು ಬಂದಾಗ, ಚಮಚಕ್ಕೆ ಸುಮಾರು 4 ಗ್ರಾಂನಂತೆ ಒಳಗೆ ಹೋಗುತ್ತಿದ್ದ ಸಕ್ಕರೆ ತಪ್ಪುತ್ತದೆ. ಜೇನುತುಪ್ಪವನ್ನೋ ಬೆಲ್ಲವನ್ನೋ ಬೆರೆಸಿದರೆ ಅದೂ ಇಲ್ಲ.

ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೂಲಿಕೆಯ ಪರಿಣಾಮವೂ ಜೊತೆಗೂಡಿದರೆ ರಕ್ತದ ಸಕ್ಕರೆಯ ಮಟ್ಟ ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು, ಬೆವರು, ಕೈನಡುಕ, ತಲೆಸುತ್ತು ಕಾಣಿಸಿಕೊಳ್ಳಬಹುದು. ಅನೇಕ ಮಿಶ್ರಣಗಳಲ್ಲಿರುವ ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರುತ್ತದೆ. ಇವೆಲ್ಲಕ್ಕಿಂತ ಭಯಪಡಬೇಕಾದದ್ದು, ಚಹಾ ನಂಬಿ ಔಷಧಿ ಬಿಡುವುದಕ್ಕೆ. ಟೈಪ್ 1 ಮಧುಮೇಹಿಗಳು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಸಂಚಕಾರ.

ಆದ್ದರಿಂದ ಇಂತಹ ಲೇಖನಗಳನ್ನು ಪ್ರಕಟಿಸುವಾಗ ಗಿಡದ ಯಾವ ಭಾಗವನ್ನು, ಯಾವ ರೂಪದಲ್ಲಿ, ಎಷ್ಟು ಪ್ರಮಾಣದಲ್ಲಿ ಪರೀಕ್ಷಿಸಲಾಗಿದೆ, ಯಾವ ಔಷಧಿ ಸೇವಿಸುವವರು ಅದನ್ನು ವೈದ್ಯರಿಗೆ ತಿಳಿಸದೆ ಕುಡಿಯಬಾರದು ಎಂಬುದನ್ನೂ ಜೊತೆಯಲ್ಲೇ ಅಚ್ಚು ಹಾಕಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಗುಣ ಕಂಡಿತೆಂದು ಬರೆಯುವವರು ರಕ್ತದ ಸಕ್ಕರೆಯ ಸುಮಾರು 3 ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿಯನ್ನೂ ಕೊಡಲಿ.

ಇಂತಿ,
ಓದುಗ