ಹೊಳೆಗಾ, ಕಡಲಿಗಾ ಅಂತ ಮೊದಲು ಕೇಳಿ

ಮಾನ್ಯ ಸಂಪಾದಕರೇ,

ರಜೆಯಲ್ಲಿ ಮಕ್ಕಳು ಗಾಳ ಹಾಕುವುದರ ಬಗ್ಗೆ ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಮೊಬೈಲ್ ಬಿಟ್ಟು ನೀರಿನ ಹತ್ತಿರ ಹೋಗಿ ಅಂತ ಹೇಳಿದ್ದೀರಿ, ಖುಷಿಯಾಯಿತು. ಆದರೆ ಒಂದು ಮಾತು ನನಗೆ ಸರಿ ಕಾಣಲಿಲ್ಲ. ಕಲಿಯುವವರಿಗೆ ಯಾವುದಾದರೂ ಒಂದು ರೀಲ್ (ಗಾಳದ ಕೋಲಿಗೆ ಕಟ್ಟಿ, ಹಿಡಿ ತಿರುಗಿಸಿ ದಾರ ಸುತ್ತುವ ಯಂತ್ರ) ಸಾಕು ಅಂತ ಅದರಲ್ಲಿ ಇತ್ತು. ತೀರ್ಥಹಳ್ಳಿಯ ಸಿಹಿನೀರಿನ ಹೊಳೆಯಲ್ಲಾದರೆ ಸಾಕು. ಕುಂದಾಪುರದ ಉಪ್ಪುನೀರಿನ ಕಡಲಿಗೆ ಸಾಲದು.

ನಾನು ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಹತ್ತಿರ, ತುಂಗೆಯ ದಡದಲ್ಲಿ. ಕುಂದಾಪುರಕ್ಕೆ ಬಂದು 20 ವರ್ಷ ದಾಟಿತು. ಹಲ್ಲುಚಕ್ರ, ಸ್ಪ್ರಿಂಗ್, ಬಾಬಿನ್ ಜೊತೆ ದಿನ ಕಳೆಯುವ ಕೈಗೆ ರೀಲ್ ಬಿಚ್ಚುವುದು ಕಷ್ಟವಲ್ಲ. ಪಕ್ಕದ ಮನೆಯ ಹುಡುಗನ ರೀಲ್ ಒಂದು ಸಲ ಸರಿ ಮಾಡಿಕೊಟ್ಟೆ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಈಗ ವಾರಕ್ಕೆ ಮೂರು ನಾಲ್ಕು ರೀಲ್ ನನ್ನ ಮೇಜಿಗೆ ಬರುತ್ತವೆ. ಬಹುತೇಕ ಎಲ್ಲದಕ್ಕೂ ಒಂದೇ ಕಾಯಿಲೆ.

ಹೋದ ತಿಂಗಳು ಪಿಯುಸಿ ಓದುವ ಹುಡುಗನೊಬ್ಬ ಬಂದ. ಅಜ್ಜ ಕೊಟ್ಟ ದುಡ್ಡಿನಲ್ಲಿ 1,800 ರೂಪಾಯಿ ಕೊಟ್ಟು ರೀಲ್ ತಗೊಂಡಿದ್ದ. ಮೂರೇ ವಾರ ಆಗಿತ್ತು. ಕೋಡಿಯ ಕಡಲ ದಂಡೆಯಲ್ಲಿ ನಾಲ್ಕೈದು ಸಂಜೆ ಹಾಕಿದ್ದನಂತೆ. ಹಿಡಿ ತಿರುಗುತ್ತಿರಲಿಲ್ಲ. ಪಕ್ಕದ ಮುಚ್ಚಳದ ಸ್ಕ್ರೂ ಸುತ್ತ ಬಿಳಿ ಪುಡಿ ಕೂತಿತ್ತು, ಸುಣ್ಣ ಮೆತ್ತಿದ ಹಾಗೆ. ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ತಾಗಿ, ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಹೀಗೇ ತಿಂದುಹೋಗುತ್ತದೆ. ಒಂದು ಸ್ಕ್ರೂ ತಿರುಗಿಸುವಾಗಲೇ ತಲೆ ಮುರಿಯಿತು. ಒಳಗೆ ಗ್ರೀಸ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ದಾರ ಹಾದುಹೋಗುವ ಜಾಗದಲ್ಲಿ ಒಂದು ಪುಟ್ಟ ರೋಲರ್ ಇರುತ್ತದೆ. ಅದು ಪೂರ್ತಿ ಹಿಡಿದುಹೋಗಿತ್ತು. ತಿರುಗದ ರೋಲರ್ ಮೇಲೆ ದಾರ ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ಆ ಗೀರಿನ ಅಂಚಿಗೆ ಸಿಕ್ಕಿ ದಾರ ಎರಡು ಸಲ ಕಡಿದಿತ್ತು. ಎರಡು ಮೀನು ಬಾಯಲ್ಲಿ ಗಾಳ ಇಟ್ಟುಕೊಂಡೇ ಹೋಗಿದ್ದವು. ಹುಡುಗನಿಗೆ ರೀಲ್ ಹಾಳಾದದ್ದಕ್ಕಿಂತ ಅದರದ್ದೇ ಬೇಜಾರು ಜಾಸ್ತಿ.

ಆ ರೀಲ್ ಕೆಟ್ಟ ರೀಲ್ ಅಲ್ಲ. ಅದು ಸಿಹಿನೀರಿನ ರೀಲ್, ಅಷ್ಟೇ. ಅಂಗಡಿಯವರು ಎಲ್ಲಿ ಹಾಕುತ್ತೀಯ ಅಂತ ಅವನನ್ನು ಕೇಳಲೇ ಇಲ್ಲ. ಡಬ್ಬದ ಮೇಲೆ ಹತ್ತು ಬೇರಿಂಗ್ ಅಂತ ದೊಡ್ಡದಾಗಿ ಬರೆದಿತ್ತು, ಅದನ್ನು ತೋರಿಸಿ ಕೊಟ್ಟರು.

ಈ ಬೇರಿಂಗ್ ಲೆಕ್ಕಕ್ಕೆ ದಯವಿಟ್ಟು ಯಾರೂ ಮರುಳಾಗಬೇಡಿ. 9+1 ಅಂತ ಬರೆದಿರುತ್ತದೆ ಅಲ್ವಾ, ಆ ಒಂದು ಸಾಮಾನ್ಯವಾಗಿ ಹಿಡಿ ಹಿಂದಕ್ಕೆ ತಿರುಗದ ಹಾಗೆ ತಡೆಯುವ ಬೇರಿಂಗ್. ಉಳಿದ ಒಂಬತ್ತು ಎಂಥವು ಅನ್ನುವುದೇ ಮುಖ್ಯ. ಎರಡೂ ಬದಿ ಮುಚ್ಚಿದ, ತುಕ್ಕು ಹಿಡಿಯದ ಸ್ಟೀಲಿನ ಬೇರಿಂಗ್ ನಾಲ್ಕಿದ್ದರೆ ಕಡಲಲ್ಲಿ ವರ್ಷಗಟ್ಟಲೆ ಬಾಳುತ್ತದೆ. ತೆರೆದ ಅಗ್ಗದ ಬೇರಿಂಗ್ ಹತ್ತಿದ್ದರೆ ಹತ್ತೂ ಒಂದೇ ಮಳೆಗಾಲದಲ್ಲಿ ಗರಗರ ಅನ್ನುತ್ತವೆ.

ನನ್ನ ಮೊದಲ ರೀಲ್ ಅಣ್ಣ ಶಿವಮೊಗ್ಗದಿಂದ ತಂದುಕೊಟ್ಟದ್ದು. 2500 ಸೈಜಿನದ್ದು (ನಂಬರ್ ದೊಡ್ಡದಾದಷ್ಟು ರೀಲ್ ದೊಡ್ಡದು), ಮೈ ಗ್ರಾಫೈಟ್, ಅಂದರೆ ಗ್ರಾಫೈಟ್ ಬೆರೆಸಿದ ಪ್ಲಾಸ್ಟಿಕ್, ಕೈಗೆ ಹಗುರ. ತುಂಗೆಯಲ್ಲಿ ಜಿಲೇಬಿ, ಕಾಟ್ಲಾ ಮೀನಿಗೆ ಅದರಲ್ಲೇ ಹಾಕುತ್ತಿದ್ದೆ. 14 ವರ್ಷ ಒಮ್ಮೆಯೂ ಬಿಚ್ಚದೆ ಓಡಿತು. ಅದೇ ರೀಲನ್ನು ಇಲ್ಲಿಗೆ ತಂದು ಕಡಲಿಗೆ ಹಾಕಿದೆ. ಒಂದು ಸೀಸನ್ ಬಾಳಲಿಲ್ಲ. ಗ್ರಾಫೈಟಿಗೇನೋ ತುಕ್ಕು ಹಿಡಿಯುವುದಿಲ್ಲ. ಆದರೆ ಒಂದು ಕೆಂಬೇರಿ ಮೀನು ಕಚ್ಚಿ ಕಲ್ಲಿನ ಸಂದಿಗೆ ಎಳೆದಾಗ ರೀಲಿನ ಮೈಯೇ ಬಾಗಿ, ಒಳಗಿನ ಹಲ್ಲುಚಕ್ರಗಳು ಒಂದಕ್ಕೊಂದು ಸರಿಯಾಗಿ ಕೂರದೆ ಕಟಕಟ ಅಂದವು. ಎರಡು ಹಲ್ಲು ಮುರಿದವು. ಆ ರೀಲ್ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ಎಸೆಯಲು ಮನಸ್ಸಿಲ್ಲ.

ಕಡಲಿಗೆ ಬೇಕಾದದ್ದು ಲೋಹದ ಮೈ, ಬಣ್ಣದ ಕೆಳಗೆ ಸರಿಯಾಗಿ ಆನೊಡೈಸ್ ಮಾಡಿದ್ದು, ಅಂದರೆ ಉಪ್ಪು ತಿನ್ನದ ಹಾಗೆ ಲೋಹದ ಮೇಲೆ ಗಟ್ಟಿ ಪದರ ಬರಿಸಿದ್ದು. ದಂಡೆಯಿಂದ ಹಾಕುವವರಿಗೆ 4000ದಿಂದ 6000 ಸೈಜ್ ಸಾಕು. ಬೇರೆ ಬೇರೆ ಕಂಪನಿಗಳ 4000 ಒಂದೇ ಅಳತೆ ಇರುವುದಿಲ್ಲ. ಹಾಗಾಗಿ ಆ ನಂಬರ್ ಬಿಟ್ಟು, ದಾರ ಸುತ್ತಿಕೊಳ್ಳುವ ಸ್ಪೂಲಿನ ಮೇಲೆ ಬರೆದದ್ದನ್ನು ಓದಿ. 0.35/200 ಅಂತ ಇದ್ದರೆ 0.35 ಮಿಲಿಮೀಟರ್ ದಪ್ಪದ ತಂಗೂಸಿ (ಒಂಟಿ ಎಳೆಯ ನೈಲಾನ್ ದಾರ) 200 ಮೀಟರ್ ಹಿಡಿಯುತ್ತದೆ ಅಂತ ಅರ್ಥ. ಹೆಣೆದ ದಾರ ಹಾಕುವುದಾದರೆ ಅಡಿಯಲ್ಲಿ ಹತ್ತಿಪ್ಪತ್ತು ಸುತ್ತು ತಂಗೂಸಿ ಸುತ್ತಿ. ಇಲ್ಲದಿದ್ದರೆ ಇಡೀ ದಾರವೇ ಸ್ಪೂಲಿನ ಮೇಲೆ ಜಾರಿ ಸುತ್ತುತ್ತದೆ. ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಕಡಿಯದ ಹಾಗೆ ತಡೆದು ತಡೆದು ಬಿಡುವ ಭಾಗ) ಹಾಳಾಗಿದೆ ಅಂತ ಬಂದವರ ರೀಲುಗಳಲ್ಲಿ ಎಷ್ಟೋ ಸಲ ತೊಂದರೆ ಇದೇ ಇರುತ್ತದೆ.

ಡ್ರ್ಯಾಗ್ ಅಂದರೆ ಹೊಲಿಯುವವರಿಗೆ ಬೇಗ ಅರ್ಥವಾಗುತ್ತದೆ. ಮೆಷಿನ್‌ನಲ್ಲಿ ನೂಲಿನ ಟೆನ್ಷನ್ ಬಿಗಿ ಮಾಡುವ ಎರಡು ಬಿಲ್ಲೆ ಇರುತ್ತವಲ್ಲ, ಇದೂ ಅದೇ ಕೆಲಸ. ಬಿಗಿ ಜಾಸ್ತಿಯಾದರೆ ನೂಲು ಕಡಿಯುತ್ತದೆ, ಸಡಿಲವಾದರೆ ಹೊಲಿಗೆ ಕೂರುವುದಿಲ್ಲ. ದಾರ ಎಷ್ಟು ಕಿಲೋಗೆ ಕಡಿಯುತ್ತದೋ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಡ್ರ್ಯಾಗ್ ಬಿಡಬೇಕು. 9 ಕಿಲೋ ದಾರವಾದರೆ ಎರಡೂವರೆ, ಮೂರು ಕಿಲೋ. ತರಕಾರಿಯವರ ಹತ್ತಿರ ಇರುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ ಎಳೆದು ನೋಡಿದರೆ ಗೊತ್ತಾಗುತ್ತದೆ. ಕಡಲಿಗೆ ಕೊಳ್ಳುವಾಗ ಡ್ರ್ಯಾಗಿನೊಳಗೆ ಕಾರ್ಬನ್ ವಾಷರ್ ಇದೆಯೋ ಇಲ್ಲವೋ ಕೇಳಿ. ಅಗ್ಗದ ರೀಲಿನ ಫೆಲ್ಟ್ ವಾಷರ್ ದೊಡ್ಡ ಮೀನಿನ ಓಟಕ್ಕೆ ತಡೆಯುವುದಿಲ್ಲ.

ಇನ್ನೊಂದು ವಿಷಯ ನಮ್ಮ ಊರಿಗೇ ಸೇರಿದ್ದು. ಹುಡುಗರು ಬಂದು, "ಮಾಮ, ನಾವು ಕಡಲಿಗೆ ಹೋಗುವುದೇ ಇಲ್ಲ, ಹೊಳೆಯಲ್ಲೇ ಹಾಕುವುದು" ಅನ್ನುತ್ತಾರೆ. ಪಂಚಗಂಗಾವಳಿಯ ಹೊಳೆ ನೋಡಲಿಕ್ಕೆ ಹೊಳೆ. ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಮಳೆ ನಿಂತು ಮೇಲಿಂದ ಬರುವ ನೀರು ಕಡಿಮೆಯಾದ ಮೇಲೆ ಉಬ್ಬರದ ಜೊತೆ ಕಡಲು ಒಳಗೆ ಬರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಹೊಳೆ ಪಕ್ಕದ ಬಾವಿ ನೀರೇ ಕುಡಿಯಲಿಕ್ಕೆ ಆಗುವುದಿಲ್ಲ. ನಮ್ಮ ರೈತರು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಆ ಉಪ್ಪು ಗದ್ದೆಗೆ ಬರಬಾರದು ಅಂತಲೂ ಹೌದು. ಹಾಗಾಗಿ ನಾನು ಹುಡುಗರಿಗೆ ಹೇಳುವುದು ಇಷ್ಟು: ನೀನು ನಿಲ್ಲುವ ಜಾಗ ಕಿಂಡಿ ಅಣೆಕಟ್ಟಿಗಿಂತ ಮೇಲೆ, ಹೊಳೆ ಹರಿದು ಬರುವ ಕಡೆ ಇದ್ದರೆ ಸಿಹಿನೀರಿನ ರೀಲ್ ಒಯ್ಯಿ. ಕೆಳಗಿದ್ದರೆ ಅದನ್ನು ಕಡಲು ಅಂತಲೇ ತಿಳಿದುಕೋ.

ಎಷ್ಟೇ ಒಳ್ಳೆಯ ರೀಲ್ ಆದರೂ ಉಪ್ಪುನೀರಿಗೆ ಹೋಗಿ ಬಂದ ದಿನವೇ ತೊಳೆಯಬೇಕು. ನಲ್ಲಿಯ ಕೆಳಗೆ ಜೋರಾಗಿ ಹಿಡಿಯಬೇಡಿ, ಉಪ್ಪು ಒಳಗೆ ನುಗ್ಗುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರು ಮೆಲ್ಲಗೆ ಹರಿಸಿ, ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಬಿಡಿ. ಆ ಪುಟ್ಟ ರೋಲರಿಗೆ ಒಂದು ಹನಿ ಮೆಷಿನ್ ಎಣ್ಣೆ. ತೆಂಗಿನೆಣ್ಣೆ ಖಂಡಿತ ಬೇಡ. ನಮ್ಮ ಕಡೆ ಬಾಗಿಲಿನ ತಿರುಗಣಿಗೂ ಅದೇ, ರೀಲಿಗೂ ಅದೇ ಹಾಕುತ್ತಾರೆ. ಕೆಲವು ತಿಂಗಳಲ್ಲಿ ಅಂಟಾಗಿ ಧೂಳು, ಮರಳು ಎಲ್ಲ ಹಿಡಿದುಕೊಳ್ಳುತ್ತದೆ. ಹೊಲಿಗೆ ಮೆಷಿನ್‌ಗಳಲ್ಲೂ ಈ ಅಂಟನ್ನು ಸೀಮೆಎಣ್ಣೆ ಹಾಕಿ ಬಿಡಿಸಿ ಬಿಡಿಸಿ ನನಗೆ ಸಾಕಾಗಿದೆ.

ಕಡಲಿನ ರೀಲಿಗೆ ದುಡ್ಡು ಹೊಂದದಿದ್ದರೆ ಏನು ಮಾಡುವುದು ಅಂತ ಕೇಳಬಹುದು. ಕೈದಾರ ಇದೆಯಲ್ಲ. ಗಂಗೊಳ್ಳಿಯಲ್ಲಿ ಹಿರಿಯರು ಬಾಟಲಿಗೆ ತಂಗೂಸಿ ಸುತ್ತಿಕೊಂಡು ಬಂದು, ಬೆರಳಲ್ಲೇ ಡ್ರ್ಯಾಗ್ ಬಿಟ್ಟು ಎಳೆಯುವುದನ್ನು ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ತಪ್ಪು ರೀಲ್ ತಗೊಂಡು ಮೂರು ವಾರಕ್ಕೆ ಎಸೆಯುವ ಬದಲು ಒಂದು ವರ್ಷ ಕೈದಾರದಲ್ಲಿ ಕಲಿತು, ದುಡ್ಡು ಕೂಡಿಸಿ ಸರಿಯಾದದ್ದನ್ನು ಕೊಳ್ಳಲಿ.

ಕರಾವಳಿಯ ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದೇ. ಬೆಲೆ ಹೇಳುವ ಮೊದಲು "ಹೊಳೆಗಾ, ಕಡಲಿಗಾ" ಅಂತ ಕೇಳಿ. ಸಿಹಿನೀರಿನ ರೀಲ್ ಆದರೆ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ, ಕನ್ನಡದಲ್ಲಿ ಬರೆದು. ಸಂಪಾದಕರೇ, ಮುಂದಿನ ಸಲ ಇಂಥ ಬರಹ ಹಾಕುವಾಗ ನೀವೂ ಇದನ್ನು ಎರಡು ಸಾಲಿನಲ್ಲಿ ಸೇರಿಸಿದರೆ ಉಪಕಾರವಾಗುತ್ತದೆ.

ಆ ಪಿಯುಸಿ ಹುಡುಗನ ರೀಲಿಗೆ ರೋಲರ್ ಬೇರಿಂಗ್ ತರಿಸಲು ಹೇಳಿದ್ದೇನೆ. ಮುರಿದ ಸ್ಕ್ರೂ ತೆಗೆದು ಬೇರೆ ಹಾಕಿ ಆಯಿತು. ಅದನ್ನು ಅವನು ಘಟ್ಟದ ಮೇಲೆ ಅಜ್ಜನ ಊರಿನ ಕೆರೆಗೆ ಒಯ್ಯುತ್ತಾನಂತೆ. ಅಲ್ಲಿ ಅದು ಚೆನ್ನಾಗಿ ಓಡುತ್ತದೆ.

ಇಂತಿ,
ಹೊಲಿಗೆ ಮೆಷಿನ್ ರಿಪೇರಿ ಮಾಡುವ ನಿಮ್ಮ ಓದುಗ
ಕುಂದಾಪುರ